ಹೆಚ್ಚುಕಡಿಮೆ ಆಗುವ ಮೊದಲು

ಹೋದ ವರ್ಷದ ರಾಜ್ಯೋತ್ಸವದ ದಿನ ಇಲ್ಲಿನ ಕನ್ನಡ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದವರು "ನೀವು ಯಾವ ಕಂಪನಿ?" ಎಂದರು. ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದ ಕನ್ನಡಿಗರು ಒಬ್ಬರನ್ನೊಬ್ಬರು ಕೇಳುವ ಎರಡನೆಯ ಪ್ರಶ್ನೆ ಇದು. ಮೊದಲನೆಯದು ಊರು ಯಾವುದು ಎಂದು. ಕಂಪನಿಯಲ್ಲ, ಕೌಂಟಿಯ (ನಮ್ಮ ಕಡೆಯ ಜಿಲ್ಲಾಡಳಿತದಂಥದ್ದು) ಕೆಲಸ ಎಂದೆ. ಯಾರಿಗಾದರೂ ಮನಸ್ಸು ಕೈಮೀರಿದಾಗ, ಸಾಯುವ ಮಾತು ಬಂದಾಗ, ಇಲ್ಲದ ದನಿಗಳು ಕೇಳಿಸತೊಡಗಿದಾಗ ಫೋನ್ ಬರುತ್ತದೆ, ನಾವಿಬ್ಬರು ವ್ಯಾನಿನಲ್ಲಿ ಅವರಿದ್ದಲ್ಲಿಗೇ ಹೋಗುತ್ತೇವೆ ಎಂದು ವಿವರಿಸಿದೆ. "ಓ, ಆಂಬುಲೆನ್ಸ್." ಅಲ್ಲ. "ಹಾಗಾದರೆ ಪೊಲೀಸ್?" ಅದೂ ಅಲ್ಲ. ಅಷ್ಟರಲ್ಲಿ ತಟ್ಟೆಗೆ ಬಿಸಿಬೇಳೆಭಾತು ಬಿತ್ತು, ಮಾತು ಅಲ್ಲಿಗೆ ನಿಂತಿತು.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಜಾಗಕ್ಕೆ ಅವರೇ ಹುಡುಕಿಕೊಂಡು ಬಂದರು. "ಮೇಡಂ, ನಮ್ಮ ಸ್ನೇಹಿತರೊಬ್ಬರ ಮಗ..." ಎಂದು ಶುರುವಿಟ್ಟುಕೊಂಡರು. ಏಳು ವರ್ಷಗಳಿಂದ ನೋಡುತ್ತಿದ್ದೇನೆ, ನಮ್ಮವರ ಕಷ್ಟವೆಲ್ಲ ಸ್ನೇಹಿತರ ಮನೆಯಲ್ಲೇ ಇರುತ್ತದೆ. ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದರು: "ಹುಡುಗ ಏನಾದರೂ ಹೆಚ್ಚುಕಡಿಮೆ ಮಾಡಿಕೊಂಡರೆ ಯಾರಿಗೆ ಫೋನ್ ಮಾಡಬೇಕು?"

ಆ 'ಹೆಚ್ಚುಕಡಿಮೆ'ಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಸಾರಿನ ಉಪ್ಪು ಹೆಚ್ಚುಕಡಿಮೆಯಾಗುತ್ತದೆ, ತಿಂಗಳ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ. ಹೆತ್ತ ಮಗ ಸಾಯುವ ಯೋಚನೆಯಲ್ಲಿದ್ದಾನೆ ಎನ್ನುವುದಕ್ಕೂ ನಮ್ಮಲ್ಲಿ ಅದೇ ಪದ. ಕೆಟ್ಟದ್ದನ್ನು ನುಡಿಯಬೇಡ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ ಎಂದು ನಮ್ಮಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ನಮ್ಮ ಕೆಲಸದ ಮೊದಲ ಪಾಠ ಇದಕ್ಕೆ ನೇರ ವಿರುದ್ಧ: ಸುತ್ತಿಬಳಸದೆ ಕೇಳಬೇಕು. "ಸಾಯಬೇಕು ಎಂದು ಅನ್ನಿಸುತ್ತಿದೆಯೇ?" ಹೀಗೆ ಕೇಳಿದ್ದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಸಂಶೋಧನೆಗಳೂ ಅದನ್ನೇ ಹೇಳುತ್ತವೆ, ನನ್ನ ಅನುಭವವೂ ಅದೇ. ಪ್ರಶ್ನೆ ಕಿವಿಗೆ ಬಿದ್ದೊಡನೆ ಎಷ್ಟೋ ಜನರ ಬಿಗಿದ ಭುಜಗಳು ಇಳಿಯುವುದನ್ನು ಕಂಡಿದ್ದೇನೆ. ಆದರೂ ಒಪ್ಪಿಕೊಳ್ಳಬೇಕು: ನೂರಾರು ಸಲ ಇಂಗ್ಲಿಷಿನಲ್ಲಿ ಕೇಳಿದ್ದ ಈ ಪ್ರಶ್ನೆಯನ್ನು ಮೊದಲ ಸಲ ಕನ್ನಡದಲ್ಲಿ ಕೇಳಬೇಕಾದಾಗ ನನ್ನ ನಾಲಿಗೆಯೂ ತಡವರಿಸಿತು.

ನನ್ನ ತಕರಾರು ಬರೀ ಪದದ ಮೇಲಲ್ಲ. ಆಡಲಾಗದ್ದನ್ನು ಫೋನಿನಲ್ಲಿ ಹೇಳುವುದಾದರೂ ಹೇಗೆ? ಹಾಗಾಗಿ ತಡವಾಗುತ್ತದೆ. ಅಮೆರಿಕದಲ್ಲಿ ನಿಮ್ಮ ಬಾಗಿಲಿಗೆ ಯಾರು ಬರುತ್ತಾರೆ ಎಂಬುದು ಬಹುಮಟ್ಟಿಗೆ ನೀವು ಯಾವಾಗ ಫೋನ್ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಹುಡುಗ ನಿದ್ದೆಬಿಟ್ಟು ವಾರವಾಗಿದೆ, ಊಟ ಸೇರುತ್ತಿಲ್ಲ, ಬದುಕಿ ಏನು ಪ್ರಯೋಜನ ಎನ್ನುತ್ತಿದ್ದಾನೆ ಎಂದು 988ಕ್ಕೆ, ಅಂದರೆ ಮನಸ್ಸು ಕೈಮೀರಿದವರಿಗೆಂದೇ ಇರುವ ಸಹಾಯವಾಣಿಗೆ, ಹೇಳಿದರೆ ಅಲ್ಲಿನ ಆಪ್ತಸಮಾಲೋಚಕರು ಮಾತನಾಡುತ್ತಾರೆ; ಬಹಳಷ್ಟು ಕರೆಗಳು ಫೋನಿನಲ್ಲೇ ಮುಗಿಯುತ್ತವೆ, ಮುಗಿಯದಿದ್ದರೆ ನಮ್ಮಂಥವರು ಹೊರಡುತ್ತೇವೆ. ಬಾಗಿಲು ಒಳಗಿನಿಂದ ಹಾಕಿಕೊಂಡು, ಕೈಯಲ್ಲಿ ಏನೋ ಹಿಡಿದು, ಯಾರಿಗೋ ಪೆಟ್ಟಾದ ಮೇಲೆ ಪೊಲೀಸ್, ಆಂಬುಲೆನ್ಸ್‌ಗಳ ತುರ್ತು ನಂಬರ್ 911ಕ್ಕೆ ಕೂಗಿಕೊಂಡರೆ ಪೊಲೀಸರು ಮೊದಲು ಹೋಗುತ್ತಾರೆ, ನಾವು ಬೀದಿಯ ತುದಿಯಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತೇವೆ. ನಾಲ್ಕು ಜನಕ್ಕೆ ಗೊತ್ತಾದೀತು ಎಂದು ಮುಚ್ಚಿಟ್ಟದ್ದೇ ಕೊನೆಗೆ ಕೆಂಪು ನೀಲಿ ದೀಪವಾಗಿ ಮನೆಯ ಮುಂದೆ ನಿಲ್ಲುತ್ತದೆ, ನಲವತ್ತು ಜನ ನೋಡುತ್ತಾರೆ.

988 ಶುರುವಾದದ್ದು 2022ರ ಜುಲೈ 16ರಂದು. ಅದರ ಹಿಂದೆ ನಮ್ಮ ಕ್ಯಾಲಿಫೋರ್ನಿಯಾದವರು ಮರೆಯಬಾರದ ಒಂದು ಹೆಸರಿದೆ. 2019ರ ಜೂನ್‌ನಲ್ಲಿ ವಾಲ್ನಟ್ ಕ್ರೀಕ್‌ನಲ್ಲಿ 23 ವರ್ಷದ ಮೈಲ್ಸ್ ಹಾಲ್ ಮಾನಸಿಕ ಅಸ್ವಸ್ಥತೆ ಉಲ್ಬಣಿಸಿದ್ದಾಗ ಪೊಲೀಸರ ಗುಂಡಿಗೆ ಸತ್ತ. ಅವನ ತಾಯಿ ಏನನ್ನೂ ಮುಚ್ಚಿಟ್ಟವಳಲ್ಲ. ಮಗನ ಕಾಯಿಲೆಯ ಬಗ್ಗೆ ಪೊಲೀಸರಿಗೆ ಮೊದಲೇ ತಿಳಿಸಿದ್ದಳು. ಆದರೆ ಕರೆದಾಗ ಕಳುಹಿಸಲು ಬೇರೆ ಯಾರೂ ಇರಲಿಲ್ಲ. 988ಕ್ಕಾಗಿ 2022ರಲ್ಲಿ ರಾಜ್ಯ ಮಾಡಿದ ಕಾನೂನಿಗೆ ಅವನ ಹೆಸರೇ ಇದೆ. ಮರುವರ್ಷದಿಂದ ಪ್ರತಿ ಫೋನ್ ಬಿಲ್ಲಿಗೂ ತಿಂಗಳಿಗೆ 8 ಸೆಂಟ್ ಸೇರಿತು. ಆ ತಾಯಿಗೆ ಸಿಗದೆ ಹೋದ ಆಯ್ಕೆ ಈಗ ನಮಗಿದೆ, ನಾವು ಬಳಸುವುದಿಲ್ಲ.

ಪೊಲೀಸರನ್ನು ಜರೆಯುವುದು ಈ ಬರಹದ ಉದ್ದೇಶವಲ್ಲ. ಇಂಥ ಸನ್ನಿವೇಶಗಳಿಗೆಂದೇ 40 ಗಂಟೆಗಳ ತರಬೇತಿ ಪಡೆದವರು ಅವರಲ್ಲಿದ್ದಾರೆ, ನಮ್ಮನ್ನು ಕರೆಸುವವರೂ ಎಷ್ಟೋ ಸಲ ಅವರೇ. ಆದರೆ ಅವರ ಸೊಂಟದ ರೇಡಿಯೋ ಮುಂದಿನ ಕರೆಗೆ ಅವಸರಿಸುತ್ತಿರುತ್ತದೆ. ನಮಗೆ ಅವಸರವಿಲ್ಲ. ರಸ್ತೆಯಂಚಿನಲ್ಲಿ ಒಬ್ಬ ಹೆಂಗಸಿನ ಪಕ್ಕದಲ್ಲಿ ನಾಲ್ಕು ಗಂಟೆ ಕುಳಿತಿದ್ದೇನೆ. ಮೊದಲ ಎರಡು ಗಂಟೆ ಅವಳು ಒಂದು ಮಾತೂ ಆಡಲಿಲ್ಲ. ವ್ಯಾನಿನಲ್ಲಿ ಇರುವುದೆಂದರೆ ನೀರಿನ ಬಾಟಲಿ, ಕಂಬಳಿ, ಫೋನ್ ಚಾರ್ಜರ್, ನಾಯಿಗೆ ಬಿಸ್ಕತ್ತು, ಮಾದಕವಸ್ತು ಮಿತಿಮೀರಿದವರ ಉಸಿರು ಮರಳಿಸುವ ಮೂಗಿನ ಸ್ಪ್ರೇ, ಮತ್ತೆ ಕಾಲುಚೀಲ. ಕಾಲುಚೀಲ ಎಷ್ಟಿದ್ದರೂ ಸಾಲದು. ಬೀದಿಯಲ್ಲಿ ಮಲಗುವವರ ಪಾದಗಳನ್ನು ಒಮ್ಮೆ ನೋಡಿದರೆ ಏಕೆಂದು ತಿಳಿಯುತ್ತದೆ. ನನ್ನ ಜೊತೆಗಾರನಿಗೆ ಪದವಿಯಿಲ್ಲ. ಅವನು ಚಟದಿಂದ ಹೊರಬಂದು ಹನ್ನೊಂದು ವರ್ಷವಾಗಿದೆ, ಅದೇ ಅವನ ಅರ್ಹತೆ. ಮೈಸೂರಿನಲ್ಲಿ ಓದಿದ ನನ್ನ ಎಂ.ಎಸ್.ಡಬ್ಲ್ಯು, ಸಮಾಜಕಾರ್ಯದ ಪದವಿ, ತೆರೆಸಲಾರದ ಬಾಗಿಲನ್ನು ಅವನು ತೆರೆಸಿದ್ದಾನೆ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. (ಗುರುತು ಸಿಗದಂತೆ ಎಲ್ಲವನ್ನೂ ಬದಲಾಯಿಸಿದ್ದೇನೆ, ಯಾರ ಮನೆಯೆಂದು ಹುಡುಕಲು ಹೋಗಬೇಡಿ.) ಆರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದ ಅಜ್ಜಿ. ಮೂರು ರಾತ್ರಿಗಳಿಂದ ಹಿತ್ತಲಲ್ಲಿ ಜನ ನಿಂತಿದ್ದಾರೆ ಎನ್ನುತ್ತಿದ್ದರು, ಅಳಿಯನನ್ನು ಎಂದೋ ತೀರಿಕೊಂಡ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಮೊದಲ ದಿನ ದೃಷ್ಟಿ ತೆಗೆದರು. ಎರಡನೆಯ ದಿನ ವಾಟ್ಸ್ಆ್ಯಪ್‌ನಲ್ಲಿ ಊರಿನ ಜೋಯಿಸರು ಮಾತನಾಡಿದರು. ಪ್ರವಾಸಿ ವಿಮೆಯವರು ಹಣ ಕೊಡುತ್ತಾರೋ ಇಲ್ಲವೋ ಎಂಬ ಅಳುಕು ಬೇರೆ. ಮೂರನೆಯ ರಾತ್ರಿ ಅಜ್ಜಿ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಕಾಲೇಜು ಓದುವ ಮೊಮ್ಮಗಳು ಯಾರನ್ನೂ ಕೇಳದೆ 988 ಒತ್ತಿದಳು.

ಬೇಗ ಹೊರಗೆ ಬರಬೇಕಾಗಬಹುದು, ಆದ್ದರಿಂದ ಬೂಟು ಬಿಚ್ಚಬಾರದು ಎಂಬುದು ನಮ್ಮ ಸುರಕ್ಷತೆಯ ನಿಯಮ. ಅಜ್ಜಿ ಲಟ್ಟಣಿಗೆಯನ್ನು ನನ್ನ ಕಾಲಿನತ್ತ ತೋರಿಸಿ "ದೇವರ ಮನೆ ಇದೆ ಒಳಗೆ" ಎಂದರು. ಎಷ್ಟೇ ಕಲಸಿಹೋಗಿದ್ದರೂ ಅದು ಮರೆತಿರಲಿಲ್ಲ. ಬಿಚ್ಚಿದೆ. ಮೈತುಂಬ ಹಚ್ಚೆಯ ಆರಡಿ ಆಳು, ನನ್ನ ಜೊತೆಗಾರ, ನನ್ನ ಮುಖ ನೋಡಿ ತಾನೂ ಬಿಚ್ಚಿದ. ಅವನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಊರಿಗೆಲ್ಲ ಕಾಲುಚೀಲ ಹಂಚುವವನ ಗತಿ ಇದು! ಅಜ್ಜಿ ನಕ್ಕರು, ಲಟ್ಟಣಿಗೆ ಸೋಫಾದ ಮೇಲೆ ಕುಳಿತಿತು.

ಆಮೇಲೆ ಕನ್ನಡದಲ್ಲಿ ಒಂದೊಂದೇ ಕೇಳುತ್ತ ಹೋದೆ. ಉರಿಮೂತ್ರ, ರಾತ್ರಿ ಚಳಿ, ನೀರು ಕುಡಿಯುವುದನ್ನೇ ಬಿಟ್ಟದ್ದು, ಎಲ್ಲ ಹೊರಬಂತು. ಮೊನ್ನೆಯವರೆಗೆ ನೆಟ್ಟಗಿದ್ದ ವಯಸ್ಸಾದವರು ಇದ್ದಕ್ಕಿದ್ದಂತೆ ಹೀಗೆ ಗಲಿಬಿಲಿಗೊಂಡರೆ ಅದು ಮನೋರೋಗಕ್ಕಿಂತ ದೇಹದ ಕಾಯಿಲೆಯಾಗಿರುವುದೇ ಹೆಚ್ಚು. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಯಾವುದೂ ಆಗಬಹುದು. ಮನೋವೈದ್ಯಕೀಯ ವಾರ್ಡಿಗಲ್ಲ, ಮಾಮೂಲಿ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ದೆವು. ಮೂತ್ರದ ಸೋಂಕು. ಹಿತ್ತಲಿನ ಜನ ಒಂದು ವಾರದೊಳಗೆ ಹೊರಟುಹೋದರು.

ಇನ್ನೊಬ್ಬ ಹುಡುಗ. ಕೆಲಸ ಹೋಗಿತ್ತು, ಎಚ್-1ಬಿ ವೀಸಾದಲ್ಲಿರುವವರಿಗೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ, ಕಡಿಮೆಯಾದೀತೇ ಹೊರತು ಹೆಚ್ಚಾಗದು. ಮಂಕಾಗಿದ್ದಾನೆಂದು ಜೊತೆಯ ಹುಡುಗರಿಗೆ ಮೂರು ವಾರಗಳಿಂದ ಗೊತ್ತಿತ್ತು. ಒಂದು ರಾತ್ರಿ ಫೋನ್ ಎತ್ತಲಿಲ್ಲ, ಹಾಸನದಿಂದ ಅಪ್ಪ ಗಾಬರಿಗೊಂಡರು, ಯಾರೋ ಪೊಲೀಸರನ್ನು ಕಳುಹಿಸಿದರು. ಮುಖಕ್ಕೆ ಟಾರ್ಚ್ ಬಿದ್ದಾಗ ದೇಶದಿಂದ ಹೊರಹಾಕಲು ಬಂದಿದ್ದಾರೆ ಎಂದುಕೊಂಡನಂತೆ. ನಾವು ತಲುಪಿದ ಮೇಲೂ ಅವನ ಕೈ ನಡುಗುತ್ತಲೇ ಇತ್ತು. ಮೂರು ವಾರ ಮೊದಲು ಒಂದು ಮಧ್ಯಾಹ್ನ ಹೋಗಿದ್ದರೆ ಕಾಫಿ ಕುಡಿಯುತ್ತ ಆಗಬಹುದಾಗಿದ್ದ ಮಾತುಕತೆ ಅದು.

ನಾವು ವೀಸಾ ಕೇಳುವುದಿಲ್ಲ. ನಾವು ಬಂದದ್ದು ಮ್ಯಾನೇಜರಿಗೆ ತಿಳಿಯುವುದಿಲ್ಲ. ಒಳಗೆ ಹಾಕಿಬಿಡುತ್ತಾರೆ ಎಂಬ ಹೆದರಿಕೆಗೂ ಉತ್ತರವಿದೆ: ಒಪ್ಪಿಗೆಯಿಲ್ಲದೆ 72 ಗಂಟೆ ಇರಿಸಿಕೊಳ್ಳುವ ಕಾನೂನು ಇಲ್ಲಿದೆ ನಿಜ, ಆದರೆ ಅದು ನಮ್ಮ ಕೊನೆಯ ಅಸ್ತ್ರ. ಅಪಾಯಕಾರಿ ಎಂದು ಹಾಗೆ ದಾಖಲಾದವರು ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಮ್ಮ ಜನಕ್ಕೆ ಅದೇನು ದೊಡ್ಡ ನಷ್ಟವಲ್ಲ ಬಿಡಿ.

ಇಂಥ ತಂಡಗಳೇ ಎಷ್ಟು ದಿನ ಉಳಿಯುತ್ತವೋ ಎಂಬುದು ನನ್ನ ಭಯ. ಒರೆಗಾನ್‌ನ ಯೂಜೀನ್ ಪಟ್ಟಣದಲ್ಲಿ 1989ರಲ್ಲಿ ಶುರುವಾಗಿ ದೇಶಕ್ಕೆಲ್ಲ ಮಾದರಿಯಾಗಿದ್ದ ಕಹೂಟ್ಸ್ ತಂಡ ಆ ಊರಿನಲ್ಲಿ 2025ರ ಏಪ್ರಿಲ್‌ನಲ್ಲಿ ನಿಂತುಹೋಯಿತು, ಹಣದ ಮುಗ್ಗಟ್ಟಿನಿಂದ. ಬಜೆಟ್ ಸಭೆಗಳಲ್ಲಿ ನಮ್ಮ ಲೆಕ್ಕ ತೋರಿಸುವುದು ಕಷ್ಟ. ಅಜ್ಜಿ ನಕ್ಕದ್ದನ್ನು ಯಾವ ಕಾಲಂನಲ್ಲಿ ಬರೆಯುವುದು?

ಊರಿನಲ್ಲಿದ್ದು ಇದನ್ನು ಓದುತ್ತಿರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತನಾಡುತ್ತಾರೆ. ಇಲ್ಲಿಯವರು 988ಕ್ಕೆ ಫೋನ್ ಮಾಡಿ ದುಭಾಷಿ ಬೇಕೆಂದು ಕೇಳಬಹುದು.

ಪಾರ್ಕಿಂಗ್ ಜಾಗದಲ್ಲಿ ಆ ಮಹನೀಯರಿಗೂ ಇಷ್ಟೇ ಹೇಳಿದೆ. ನಂಬರನ್ನು ಅವರ ಮೊಬೈಲಿನಲ್ಲಿ ನಾನೇ ಸೇರಿಸಿದೆ, ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ಪ್ಲಂಬರ್' ಎಂದು ಬರೆಯಲು ಅವರು ಹೇಳಿದರು. ಬರೆದೆ. ಹುಡುಗ ಊಟವನ್ನಾದರೂ ಮಾಡುತ್ತಿದ್ದಾನೆಯೇ ಎಂದು ವಿಚಾರಿಸಿದೆ.

"ನಿನ್ನೆ ರಾತ್ರಿ ನಾನು ಕಲಸಿಕೊಟ್ಟ ಮೊಸರನ್ನ ಎರಡು ತುತ್ತು ತಿಂದ" ಎಂದರು.

ಇಬ್ಬರೂ ಸುಮ್ಮನೆ ನಿಂತೆವು. ಆಮೇಲೆ, ಸಾಯುವ ಬಗ್ಗೆ ಅವನನ್ನು ನೇರವಾಗಿ ಕೇಳಿದ್ದೀರಾ ಎಂದೆ. ಇಲ್ಲ ಎಂದು ತಲೆಯಾಡಿಸಿ, ಹೇಗೆ ಕೇಳಬೇಕು, ಯಾವ ಪದ ಬಳಸಬೇಕು ಎಂದರು. ಹೇಳಿಕೊಟ್ಟೆ. ಎರಡು ಸಲ ಮೆಲ್ಲಗೆ ತಾವೇ ಹೇಳಿಕೊಂಡು ನೋಡಿ, ಕಾರು ಹತ್ತಿದರು.