ಮುಖ ನೋಡದೇ ಕೊಡುವ ರಿಮೂವರ್

ಸೂಪರ್ ಮಾರ್ಕೆಟ್‌ನ ಒಂದು ಫ್ಯಾನ್ಸಿ ಅಂಗಡಿಯಿಂದ ಈಗಷ್ಟೇ ಬಂದೆ. ತಲೆ ಕೆಟ್ಟಿದೆ. ಬಿಸಿಲಿಂದ ಅಲ್ಲ, ಕಲಬುರಗಿಯವರಿಗೆ ಬಿಸಿಲು ಹೊಸದಾ?

ನನ್ನ ಮುಂದೆ ಒಬ್ಬ ಹುಡುಗಿ, ಕೆನ್ನೆ ತುಂಬ ಮೊಡವೆ. ಜೊತೆಗೆ ಅವಳ ಅತ್ತಿ, ಮುಖ ಒಣಗಿ ಮೂಗಿನ ಪಕ್ಕ ಪೊರೆ ಎದ್ದಿತ್ತು. ಮೇಕಪ್ ತೆಗೆಯಲು ಏನಾದರೂ ಕೊಡ್ರಿ ಅಂದರು. ಅಂಗಡಿಯವನು ತಲೆ ಎತ್ತಲೇ ಇಲ್ಲ. ಘಮ್ಮೆನ್ನುವ ವೈಪ್ಸ್ ಪ್ಯಾಕೆಟ್ ಎರಡು ಇಟ್ಟ. "ತೊಗೊಳ್ರಿ ಅಕ್ಕಾ, ಎಲ್ಲಾರ ಸ್ಕಿನ್‌ಗೂ ಆಗ್ತದ." ಚಪ್ಪಲಿ ಮಾರುವವನು ಕೂಡ ಮೊದಲು ನಂಬರ್ ಕೇಳ್ತಾನೆ ಅಲ್ವಾ?

ನಾನು ಸುಮ್ನಿರಲಿಲ್ಲ, ನಿಮಗೆ ಗೊತ್ತೇ ಇದೆ. ನಡುವೆ ಬಾಯಿ ಹಾಕಿದೆ. ಅಂಗಡಿಯವನಿಗೆ ಸಿಟ್ಟು ಬಂತು. ಬರಲಿ.

ಆ ಅತ್ತಿಯವರಿಗೆ ಬೇಕಾಗಿದ್ದು ಕ್ಲೆನ್ಸಿಂಗ್ ಮಿಲ್ಕ್ ಅಥವಾ ಕ್ಲೆನ್ಸಿಂಗ್ ಬಾಮ್. ಮೇಕಪ್ ಕರಗಬೇಕು, ಚರ್ಮದ ಎಣ್ಣೆ ಪೂರ್ತಿ ಹೋಗಬಾರದು. ಅದರಲ್ಲಿ ಸುವಾಸನೆ, ಆಲ್ಕೋಹಾಲ್ ಎರಡೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ವೈಪ್ಸ್ ಅಂದರೆ ಉಜ್ಜುವುದು. ಪೊರೆ ಎದ್ದ ಚರ್ಮವನ್ನು ಉಜ್ಜಿದರೆ ಕೆಂಪಾಗುತ್ತದೆ, ಉರಿಯುತ್ತದೆ. ಮೊಡವೆಯನ್ನೂ ಉಜ್ಜಬಾರದು. ಆ ಹುಡುಗಿಗೆ ಮೈಸೆಲಾರ್ ವಾಟರ್, ಅಂದರೆ ಮೇಕಪ್ ತೆಗೆಯುವ ನೀರಿನಂಥ ಕ್ಲೆನ್ಸರ್ ಸಾಕಿತ್ತು, ಆಮೇಲೆ ಹದವಾದ ಜೆಲ್ ಫೇಸ್‌ವಾಶ್. ತೊಳೆಯುವುದು ಬೇಡ ಅಂತ ಮೈಸೆಲಾರ್ ಬಾಟಲಿ ಮೇಲೆ ಬರೆದಿರುತ್ತಾರೆ. ಅದನ್ನು ನಂಬಬೇಡಿ. ಅದರ ಸೋಪಿನಂಥ ಅಂಶ ಮುಖದ ಮೇಲೆ ಉಳಿದರೆ ಕೆಲವರಿಗೆ ಕಡಿತ ಶುರುವಾಗುತ್ತದೆ.

ಎಣ್ಣೆ ಚರ್ಮದವರು ಮೇಕಪ್ ಕರಗಿಸುವ ಕ್ಲೆನ್ಸಿಂಗ್ ಆಯಿಲ್ ಹೆಸರು ಕೇಳಿದರೇ ಓಡುತ್ತಾರೆ. ನನ್ನ ಹಣೆಯೂ ಮಧ್ಯಾಹ್ನದ ಹೊತ್ತಿಗೆ ಫಳಫಳ, ಹಾಗಾಗಿ ಆ ಭಯ ಗೊತ್ತು. ಆದರೆ ಒಳ್ಳೆಯ ಕ್ಲೆನ್ಸಿಂಗ್ ಆಯಿಲ್‌ಗೆ ನೀರು ತಾಗಿದರೆ ಹಾಲಿನ ಹಾಗೆ ಬೆಳ್ಳಗಾಗಿ ತೊಳೆದು ಹೋಗುತ್ತದೆ. ಮನೆಯ ಕೊಬ್ಬರಿ ಎಣ್ಣೆ ಹಾಗೆ ಹೋಗುವುದಿಲ್ಲ.

ಕೊಬ್ಬರಿ ಎಣ್ಣೆ ಅಂದ ಕೂಡಲೇ ಕಾಮೆಂಟ್ ಬರುತ್ತದೆ, ನನಗೆ ಗೊತ್ತು. "ನಮ್ಮ ಆಯಿ ಅದನ್ನೇ ಹಚ್ಚಿ ಒರೆಸ್ತಿದ್ದಳು, ಏನೂ ಆಗಿಲ್ಲ." ಸರಿ. ನಿಮ್ಮ ಆಯಿ ಹಾಕುತ್ತಿದ್ದದ್ದು ಕಾಡಿಗೆ, ಜಾಸ್ತಿ ಅಂದರೆ ಸ್ವಲ್ಪ ಪೌಡರ್. ಕಾಡಿಗೆಯಲ್ಲೇ ಎಣ್ಣೆ ಇರುತ್ತದೆ, ಎಣ್ಣೆಗೇ ಬಿಡುತ್ತದೆ. ಪ್ರೈಮರ್, ಫೌಂಡೇಶನ್, ಅದರ ಮೇಲೆ ಸೆಟ್ಟಿಂಗ್ ಸ್ಪ್ರೇ ಹೊಡೆದುಕೊಂಡು ಆಯಿ ತೊಗರಿ ಹೊಲಕ್ಕೆ ಹೋಗುತ್ತಿದ್ದಳಾ? ಮೊಡವೆ ಇರುವವರಿಗೆ ಕೊಬ್ಬರಿ ಎಣ್ಣೆ ರಂಧ್ರ ಮುಚ್ಚಿ ಇನ್ನಷ್ಟು ಮೊಡವೆ ತರಬಹುದು. ಆಯಿ ವಾದ ಅಲ್ಲಿಗೆ ಮುಗೀತು.

ನಮ್ಮ ಕಡೆ ತೊಂದರೆ ಇನ್ನೊಂದಿದೆ. ಏಪ್ರಿಲ್, ಮೇ ಬಂತೆಂದರೆ ಮದುವೆ ಸಾಲು. ಹೊರಗೆ 42 ಡಿಗ್ರಿ, ಮಂಟಪದಲ್ಲಿ ಕಣ್ಣು ಕುಕ್ಕುವ ಲೈಟು. ಬೆವರಿಗೆ ಇಳಿಯಬಾರದು ಅಂತ ಎಲ್ಲ ವಾಟರ್‌ಪ್ರೂಫ್ ಹಚ್ಚುತ್ತಾರೆ. ಬೆವರಿಗೆ ಬಿಡದ್ದು ಬರೀ ನೀರಿಗೆ ಬಿಡುತ್ತದಾ? ಪಾಪ ಮದುಮಗಳು ಮೈಸೋಪು ತೊಗೊಂಡು ಬೋರ್ ನೀರಲ್ಲಿ ತಿಕ್ಕುತ್ತಾಳೆ. ಗಡಸು ನೀರಲ್ಲಿ ಸೋಪು ನೊರೆ ಬಿಡಲ್ಲ, ಬಿಳಿ ಜಿಡ್ಡು ಕೂರುತ್ತದೆ. ಸೋಪು ಕ್ಷಾರ ಬೇರೆ. ಮುಖ ಬಿಗಿಯುತ್ತದೆ, ಮಸ್ಕಾರಾ ಮಾತ್ರ ಅಲ್ಲೇ ಇರುತ್ತದೆ.

ಅದಕ್ಕೆ ಎರಡು ಪದರದ ಐ ಮೇಕಪ್ ರಿಮೂವರ್ ಸಿಗುತ್ತದೆ, ಮೇಲೆ ಎಣ್ಣೆ, ಕೆಳಗೆ ನೀರು. ಕುಲುಕಿ ಹತ್ತಿಗೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಕೆಳಗೆ ಎಳೆದರೆ ಆಯಿತು. ಲೆನ್ಸ್ ಹಾಕುವವರು ಮೊದಲು ಲೆನ್ಸ್ ತೆಗೆಯಿರಿ.

ಒಂದು ಮಾತು ಹೇಳಲಾ? ಮೇಕಪ್ ಹಾಕುವುದಕ್ಕಿಂತ ತೆಗೆಯುವುದೇ ನನಗೆ ಇಷ್ಟ. ಮದುವೆಮನೆಯಲ್ಲಿ ಇಡೀ ದಿನ ನಕ್ಕು ನಕ್ಕು ಬಂದ ಮುಖ ಅದು, ಅದನ್ನು ತಿಕ್ಕುವುದು ನನಗೆ ಆಗಲ್ಲ.

ಮದುವೆ ಮೇಕಪ್ ಪ್ಯಾಕೇಜ್‌ನಲ್ಲಿ ಏನೇನಿರುತ್ತದೆ ನೋಡಿ. ಹೇರ್‌ಸ್ಟೈಲ್, ಸೀರೆ ಉಡಿಸುವುದು, ಅಂಟಿಸುವ ರೆಪ್ಪೆ, ಎಲ್ಲಕ್ಕೂ ರೊಕ್ಕ. ತೆಗೆಯುವುದು ಯಾರು ಅಂತ ಕೇಳಿದರೆ, "ವೈಪ್ಸ್ ತೊಗೊಳ್ರಿ, ಎಲ್ಲಾರಿಗೂ ಆಗ್ತದ." ಈ ಸಲ ನಮ್ಮ ಮನೆ ಮದುವೆಗೆ ಬುಕ್ ಮಾಡುವಾಗ ಅಡ್ವಾನ್ಸ್ ಕೊಡುವ ಮೊದಲು ಇದನ್ನೇ ಕೇಳುತ್ತೇನೆ. ಹುಡುಗಿಯ ಚರ್ಮ ಎಂಥದ್ದು ಅಂತ ಮೇಕಪ್ ಮಾಡುವಾಕೆ ತಿರುಗಿ ಕೇಳಿದರೆ ಅಡ್ವಾನ್ಸ್. ಇಲ್ಲದಿದ್ದರೆ ನಮಸ್ಕಾರ್ರಿ.