ಮಕ್ಕಳ ಸೇವೆಗೆ ಸ್ಟಾರ್ ಅಂಟಿಸುವ ಮುನ್ನ

ಮಕ್ಕಳನ್ನು ಚಿಕ್ಕಂದಿನಿಂದಲೇ ಸೇವಾಕಾರ್ಯದಲ್ಲಿ ತೊಡಗಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರಿರುವುದು ತೊಡಗಿಸುವ ರೀತಿಯ ಬಗ್ಗೆ. ಒಂದೇ ಬಣ್ಣದ ಟೀ ಶರ್ಟ್ ತೊಡಿಸಿ, ಕೈಗೆ ಪೊರಕೆ ಕೊಟ್ಟು, ಹತ್ತು ನಿಮಿಷ ಗುಡಿಸಿದಂತೆ ಮಾಡಿಸಿ, ಫೋಟೊ ತೆಗೆದು, ಸಂಜೆಗೆ ಪ್ರಮಾಣಪತ್ರ ಹಂಚಿಬಿಟ್ಟರೆ ಆ ಮಗುವಿಗೆ ನೆನಪಿನಲ್ಲಿ ಉಳಿಯುವುದು ಕ್ಯಾಮೆರಾ ಮಾತ್ರ. ಮಕ್ಕಳ ಪಾಲ್ಗೊಳ್ಳುವಿಕೆಯ ಬಗ್ಗೆ ಅಧ್ಯಯನ ಮಾಡಿದ ರೋಜರ್ ಹಾರ್ಟ್ ಅವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಅದನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು ಎಂಬ ಕೆಳಗಿನ ಮೂರನ್ನು ಪಾಲ್ಗೊಳ್ಳುವಿಕೆಯೆಂದೇ ಒಪ್ಪಲಿಲ್ಲ. ನಮ್ಮ ಬಹುಪಾಲು ಕಾರ್ಯಕ್ರಮಗಳು ಆ ಎರಡನೆಯ ಮೆಟ್ಟಿಲನ್ನು ದಾಟುವುದಿಲ್ಲ.

ಅಷ್ಟಕ್ಕೂ ನೆರವಾಗುವ ಬುದ್ಧಿಯನ್ನು ಮಕ್ಕಳಿಗೆ ನಾವು ಹೊಸದಾಗಿ ತುಂಬಬೇಕಾಗಿಲ್ಲ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ ಜಾರಿ ಬಿದ್ದಾಗ 18 ತಿಂಗಳ ಕೂಸುಗಳು ಯಾರೂ ಹೇಳದಿದ್ದರೂ ಅದನ್ನು ಎತ್ತಿಕೊಟ್ಟವು. ಎರಡು ವರ್ಷಗಳ ನಂತರ ಅವರೇ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ನೆರವಿಗೆ ಪ್ರತಿಯಾಗಿ ಬಹುಮಾನ ಪಡೆಯುತ್ತಿದ್ದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ, ಮೊದಲಿನಿಂದಲೂ ಏನನ್ನೂ ಪಡೆಯದಿದ್ದ ಮಕ್ಕಳಿಗಿಂತ ಕಡಿಮೆ ನೆರವಾದರು.

ಇದನ್ನು ಓದುವ ಮೊದಲೇ ನಾನು ಅದೇ ತಪ್ಪನ್ನು ಮಾಡಿ ಮುಗಿಸಿದ್ದೆ. ಎಂಟು ವರ್ಷದ ನನ್ನ ಮಗಳು, ಕಣ್ಣು ಮಂಜಾದ ಪಕ್ಕದ ಮನೆಯ ಅಜ್ಜಿಗೆ ದಿನವೂ ಅರ್ಧ ಗಂಟೆ ಪತ್ರಿಕೆ ಓದಿ ಹೇಳುತ್ತಿದ್ದಳು. ಮೆಚ್ಚಿಗೆಯ ಭರದಲ್ಲಿ ನಾನು ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿ, ದಿನಕ್ಕೊಂದು ಸ್ಟಾರ್ ಹಚ್ಚತೊಡಗಿದೆ. ಎರಡನೆಯ ವಾರಕ್ಕೆ "ಭಾನುವಾರ ಪುಟ ಜಾಸ್ತಿ ಇರುತ್ತೆ, ಎರಡು ಸ್ಟಾರ್ ಕೊಡ್ತೀಯಾ ಅಮ್ಮ?" ಎಂಬ ಚೌಕಾಸಿ ಶುರುವಾಯಿತು. ನಾಚಿಕೆಯಾಗಿ ಚಾರ್ಟನ್ನು ಕಿತ್ತುಹಾಕಿದೆ. ಅವಳು ಹೋಗುವುದನ್ನೇ ಬಿಟ್ಟಳು. ನಾನೂ ಒತ್ತಾಯಿಸಲಿಲ್ಲ. ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಒಲ್ಲೆ ಎನ್ನಲು ಬಿಡದೆ ಮಾಡಿಸಿದ ಕೆಲಸವನ್ನು ಸೇವೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಐದನೆಯ ದಿನ ಅಜ್ಜಿಯೇ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಓದುವವರಿಲ್ಲದೆ ಬೇಸರವಾಗಿದೆ ಎಂದವರು, ಜೊತೆಗೊಂದು ದೂರನ್ನೂ ತಂದಿದ್ದರು: ಇವಳು ನಿಧನವಾರ್ತೆಗಳನ್ನು ಹಾರಿಸಿಬಿಡುತ್ತಾಳಂತೆ. ಅಜ್ಜಿಗೆ ದುಃಖವಾಗಬಾರದೆಂದು ಹಾಗೆ ಮಾಡಿದೆ ಎಂದು ಮಗಳು ತಲೆ ತಗ್ಗಿಸಿ ಹೇಳಿದಳು. "ನನ್ನ ವಾರಿಗೆಯವರ ಸುದ್ದಿ ನನಗೆ ಸಿಗುವುದು ಅಲ್ಲೇ ಕಣೇ" ಎಂದು ಅಜ್ಜಿ ನಕ್ಕರು. ತಾನು ಊಹಿಸಿದ್ದು ಬೇರೆ, ಅವರಿಗೆ ಬೇಕಿದ್ದದ್ದು ಬೇರೆ ಎಂಬುದು ಅವಳಿಗೆ ತಿಳಿದದ್ದು ಆಗಲೇ. ಅದನ್ನು ನನ್ನ ಯಾವ ಚಾರ್ಟೂ ಕಲಿಸುತ್ತಿರಲಿಲ್ಲ. ಈಗ ಪತ್ರಿಕೆ ಬಿಡಿಸಿದೊಡನೆ ಮೊದಲು ಆ ಪುಟವನ್ನೇ ಹುಡುಕಿ, ಹೆಸರು ಮತ್ತು ವಯಸ್ಸನ್ನು ನಿಧಾನವಾಗಿ ಓದುತ್ತಾಳೆ. ಗೊತ್ತಿದ್ದವರ ಹೆಸರು ಬಂದರೆ ಅಜ್ಜಿ ಕೈ ಎತ್ತುತ್ತಾರೆ, ಅವಳು ಅಲ್ಲಿಗೆ ನಿಲ್ಲಿಸಿ ಕಾಯುತ್ತಾಳೆ.