ನಿಮ್ಮ ಹಾಲ್‌ಗೆ ಬೈಯುವುದನ್ನು ನಿಲ್ಲಿಸಿ

"ಈ ಹಾಲ್‌ಗೆ ಹೋಮ್ ಥಿಯೇಟರ್ ಸೆಟ್ ಆಗಲ್ಲ ಸರ್." ಈ ಮಾತು ಕೇಳಿ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸ್ನೇಹಿತನ ಮನೆಯ ಹಾಲ್ ಎಲ್ ಆಕಾರದಲ್ಲಿದೆ. ಎಡಕ್ಕೆ ಗೋಡೆ, ಬಲಕ್ಕೆ ಊಟದ ಜಾಗ, ನಡುವೆ ಏನೂ ಇಲ್ಲ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಜೋಡಿಸಲು ಬಂದವರು ಒಂದು ಸುತ್ತು ನೋಡಿ ಈ ತೀರ್ಪು ಕೊಟ್ಟರು. ಆಮೇಲೆ ನಾಲ್ಕು ಸ್ಪೀಕರ್‌ಗಳನ್ನು ನಾಲ್ಕು ಮೂಲೆಯಲ್ಲಿ, ಸೀಲಿಂಗ್ ಹತ್ತಿರ ತೂಗುಹಾಕಿದರು. ಸೆಂಟರ್ ಸ್ಪೀಕರ್ ಟಿವಿ ಕೆಳಗಿನ ಕಪಾಟಿನೊಳಗೆ ಸೇರಿತು. ಬಾಸ್, ಅಂದರೆ ತಗ್ಗಿನ ಗುಮ್ ಶಬ್ದ ಕೊಡುವ ಸಬ್‌ವೂಫರ್, ಜಾಗ ಖಾಲಿ ಇದ್ದ ಕಡೆ ಕೂತಿತು. ಸಿನಿಮಾ ಹಾಕಿದರೆ ಸಿಡಿಲು ಕೇಳುತ್ತದೆ, ಮಾತು ಕೇಳುವುದಿಲ್ಲ. ಬೈಗುಳ ಮಾತ್ರ ಹಾಲ್‌ಗೆ!

ಸ್ಪೀಕರ್ ಎಲ್ಲಿಡಬೇಕು ಅನ್ನುವುದಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ, ಐಟಿಯು-ಆರ್ ಬಿಎಸ್.775 ಅಂತ. ಸೆಂಟರ್ ನೇರ ಎದುರಿಗೆ. ಎಡ-ಬಲದ ಸ್ಪೀಕರ್‌ಗಳು ಅಲ್ಲಿಂದ 30 ಡಿಗ್ರಿ ಆಚೀಚೆ. ಸುತ್ತಲಿನ ಶಬ್ದ ಕೊಡುವ ಸರೌಂಡ್ ಸ್ಪೀಕರ್‌ಗಳು 100ರಿಂದ 120 ಡಿಗ್ರಿ, ಅಂದರೆ ಕಿವಿಯ ಪಕ್ಕದಿಂದ ಸ್ವಲ್ಪ ಹಿಂದಕ್ಕೆ. ಈ ಕೋನಗಳನ್ನೆಲ್ಲ ಅಳೆಯುವುದು ಕೂತವರ ತಲೆಯಿಂದ. ಗೋಡೆಯಿಂದ ಅಲ್ಲ, ಮೂಲೆಯಿಂದ ಅಲ್ಲ. ದರ್ಜಿ ಮೈ ನೋಡಿ ಅಳತೆ ತೆಗೆದುಕೊಳ್ಳುತ್ತಾನೆ, ನಿಮ್ಮ ಮೈ ಸರಿ ಇಲ್ಲ ಅಂತ ವಾಪಸ್ ಕಳಿಸುವುದಿಲ್ಲ ಅಲ್ವಾ? ಟಿವಿ ಗೋಡೆಯ ಮಧ್ಯದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಸೋಫಾ ಮತ್ತು ಟಿವಿ ಎದುರುಬದುರಾಗಿದ್ದರೆ ಸಾಕು. ಆ ನೇರಕ್ಕೆ ಎರಡೂ ಕಡೆ ಸಮನಾಗಿ ಸ್ಪೀಕರ್ ಇಡಿ.

"ಒಂದು ಸ್ಪೀಕರ್ ಹತ್ತಿರ, ಇನ್ನೊಂದು ದೂರ ಆಗುತ್ತಲ್ಲ" ಅನ್ನುತ್ತಾರೆ. ಆಗಲಿ ಬಿಡಿ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸ್ಪೀಕರ್‌ಗಳನ್ನೆಲ್ಲ ನುಡಿಸುವ ರಿಸೀವರ್‌ನಲ್ಲಿ ಪ್ರತಿ ಸ್ಪೀಕರ್‌ನ ದೂರ ತುಂಬಿದರೆ ಹತ್ತಿರದ ಸ್ಪೀಕರ್ ಅಷ್ಟು ತಡವಾಗಿ ನುಡಿಯುತ್ತದೆ. ಲೆವೆಲ್, ಅಂದರೆ ಪ್ರತಿ ಸ್ಪೀಕರ್ ಎಷ್ಟು ಜೋರು ಅನ್ನುವುದನ್ನೂ ಅಲ್ಲೇ ಸರಿಮಾಡಬಹುದು. ಆದರೆ ಕಪಾಟಿನೊಳಗೆ ತುರುಕಿದ ಸೆಂಟರನ್ನು ಯಾವ ರಿಸೀವರೂ ಹೊರಗೆ ತರುವುದಿಲ್ಲ. ಅದನ್ನು ಕೈಯಿಂದಲೇ ಎಳೆಯಬೇಕು.

ಸೆಂಟರ್ ಬಗ್ಗೆ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂತ ಹತ್ತಿರದವರಿಗೆ ಗೊತ್ತು. ನಮ್ಮ ತಂದೆಗೆ ಕಿವಿ ಸ್ವಲ್ಪ ಮಂದ. ಮಾತು ಅರ್ಥವಾಗದಿದ್ದರೆ ಅವರು ಏನೂ ಹೇಳುವುದಿಲ್ಲ, ಸುಮ್ನೆ ಎದ್ದು ಹೋಗುತ್ತಾರೆ. ಸಿನಿಮಾದ ಮಾತು ಹೆಚ್ಚಾಗಿ ಬರುವುದು ಈ ಒಂದೇ ಪೆಟ್ಟಿಗೆಯಿಂದ. ಅದನ್ನು ಕಪಾಟಿನ ಅಂಚಿಗೆ ಸಮನಾಗಿ, ಇಲ್ಲವೇ ಒಂದು ಚೂರು ಮುಂದಕ್ಕೆ ಎಳೆಯಿರಿ. ಮುಂದಿನ ಅಂಚಿನ ಕೆಳಗೆ ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆ ಮುಖ ಎತ್ತಿಸಿ. ಇದಕ್ಕೆ ಮನೆ ಒಡೆಯಬೇಕಾಗಿಲ್ಲ, ಖರ್ಚೂ ಇಲ್ಲ. ಹಾಲ್‌ನ ಆಕಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬಾಸ್ ವಿಷಯದಲ್ಲಿ ಕೋಣೆ ಆಟ ಆಡಿಸುತ್ತದೆ, ಒಪ್ಪುತ್ತೇನೆ. ಐದು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 34 ಹರ್ಟ್ಜ್‌ನ ಶಬ್ದ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಪಕ್ಕ ಕೂತವರಿಗೆ ಅದು ಗುಮ್ ಅನ್ನುತ್ತದೆ, ಸರಿಯಾಗಿ ನಡುವೆ ಕೂತವರಿಗೆ ಮಾಯ. ಚೌಕಾಕಾರದ, ಅಚ್ಚುಕಟ್ಟಾದ ಕೋಣೆಯಲ್ಲೂ ಇದು ಹೀಗೇ. ಎಲ್ ಆಕಾರದ ಹಾಲ್ ಮಾತ್ರ ಮಾಡಿದ ಪಾಪ ಏನಲ್ಲ. ಶಬ್ದ ಅಳೆದು ರಿಸೀವರ್ ತಾನೇ ಸರಿಮಾಡಿಕೊಳ್ಳುವ ಆಟೋ ಕ್ಯಾಲಿಬ್ರೇಷನ್ ಮೈಕ್ ಇಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಸುವವರಿದ್ದಾರೆ. ಅದು ಜಾಸ್ತಿಯಾದ ಬಾಸನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಅಲೆಗಳು ಒಂದನ್ನೊಂದು ಹೊಡೆದುಹಾಕಿ ಬಾಸ್ ಸತ್ತುಹೋದ ಜಾಗವನ್ನು ತುಂಬಲಾರದು. ಅಲ್ಲಿ ಎಷ್ಟು ಶಕ್ತಿ ಸುರಿದರೂ ಅಷ್ಟೂ ಮತ್ತೆ ಹೊಡೆದುಹೋಗುತ್ತದೆ.

ಇದಕ್ಕೆ ಹಳೆಯ ಉಪಾಯವೇ ಒಳ್ಳೆಯದು. ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಇಡಿ. ಬಾಸ್ ಮೇಲೆ ಕೆಳಗೆ ಓಡಾಡುವ ಹಾಡು ಹಾಕಿ. ಆಮೇಲೆ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ನೆಲಕ್ಕೆ ಬಗ್ಗಿ ಕೇಳುತ್ತಾ ಹೋಗಿ. ಎಲ್ಲಿ ಸ್ವರಗಳು ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತವೋ ಅಲ್ಲೇ ಸಬ್‌ಗೆ ಜಾಗ. ಕೇಳುವವರು ಮತ್ತು ನುಡಿಸುವ ಪೆಟ್ಟಿಗೆ ಜಾಗ ಬದಲಿಸಿಕೊಂಡರೂ ಕೋಣೆ ಒಂದೇ ರೀತಿ ವರ್ತಿಸುತ್ತದೆ, ಅದಕ್ಕೇ ಇದು ಕೆಲಸ ಮಾಡುತ್ತದೆ. ಸೋಫಾವನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದರೂ ತಲೆ ಹಿಂದಿನಿಂದ ಬಡಿದು ಬರುವ ಶಬ್ದ ಕೊಂಚ ತಗ್ಗುತ್ತದೆ. ಇಷ್ಟನ್ನೂ ಮಾಡದೆ "ಹಾಲ್ ಸರಿ ಇಲ್ಲ" ಅನ್ನುವುದು ಸೋಮಾರಿತನ. ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

"ಇಷ್ಟೆಲ್ಲ ಯಾಕೆ, ಇಂಥ ಹಾಲ್‌ಗೆ ಸೌಂಡ್‌ಬಾರ್ ಸಾಕು" ಅನ್ನುವವರೂ ಇದ್ದಾರೆ. ಸಣ್ಣ ಕೋಣೆಗೆ, ವೈರ್ ಎಳೆಯಲು ಆಗದ ಮನೆಗೆ ಸರಿ. ಆದರೆ ಒಂದೇ ಪಟ್ಟಿಯಿಂದ ಸರೌಂಡ್ ಕೊಡುವ ಬಾರ್‌ಗಳಲ್ಲಿ ಎಷ್ಟೋ ಪಕ್ಕದ ಗೋಡೆಗೆ ಶಬ್ದ ಬಡಿಸಿಯೇ ಅದನ್ನು ಸುತ್ತ ತಿರುಗಿಸುತ್ತವೆ. ಬಲಗಡೆ ಗೋಡೆಯೇ ಇಲ್ಲದ ಹಾಲ್‌ನಲ್ಲಿ ಅದು ಎಲ್ಲಿಗೆ ಬಡಿದು ಬರಬೇಕು? ಸೀಲಿಂಗ್‌ಗೆ ಬಡಿಸಿ ತಲೆಯ ಮೇಲಿಂದ ಶಬ್ದ ಬರಿಸಲು ಮೇಲಕ್ಕೆ ಮುಖ ಮಾಡಿದ ಅಟ್ಮಾಸ್ ಸ್ಪೀಕರ್‌ಗಳ ಕಥೆಯೂ ಅದೇ. ಸೀಲಿಂಗ್ ಇಳಿಜಾರಾಗಿದ್ದರೆ ಶಬ್ದ ಸೋಫಾಗೆ ಬರುವುದರ ಬದಲು ಬೇರೆಲ್ಲೋ ಹೋಗುತ್ತದೆ. ಗೋಡೆಯನ್ನು ನಂಬದೆ ಕೆಲಸ ಮಾಡುವುದು ಬಿಡಿ ಸ್ಪೀಕರ್‌ಗಳೇ.

ಸರೌಂಡ್‌ಗೆ ಬರೋಣ. ಸೋಫಾ ಗೋಡೆಗೆ ತಾಗಿದ್ದರೆ ಹಿಂದೆ ಇಡಲು ಆಗುವುದಿಲ್ಲ. ಎರಡೂ ಪಕ್ಕಕ್ಕೆ ಇಡಿ, ಕೂತವರ ಕಿವಿಗಿಂತ ಸ್ವಲ್ಪ ಮೇಲೆ. ಗೋಡೆ ಇಲ್ಲದ ಕಡೆ ಒಂದು ಸ್ಟ್ಯಾಂಡ್ ಸಾಕು. ಅದೂ ಓಡಾಟಕ್ಕೆ ಅಡ್ಡ ಬರುತ್ತದೆಯೇ? ಹಾಗಾದರೆ ಸರೌಂಡ್ ಬಿಟ್ಟುಬಿಡಿ. ಮುಂದೆ ಮೂರು ಸ್ಪೀಕರ್, ಒಂದು ಸಬ್. ಸೀಲಿಂಗ್ ಮೂಲೆಗೆ, ಕಪಾಟಿನೊಳಗೆ ಸೇರಿಸಿದ ಐದಕ್ಕಿಂತ ಸರಿಯಾಗಿ ಕೂತ ಮೂರೇ ಮೇಲು ಅಂತ ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ರಿಸೀವರ್ ಸೆಟಪ್‌ನಲ್ಲಿ ಮಾತ್ರ ಸರೌಂಡ್ ಸ್ಪೀಕರ್ ಇಲ್ಲ ಅಂತ ಮರೆಯದೆ ತಿಳಿಸಿ. ಆಗ ಆ ಶಬ್ದಗಳು ಕಳೆದುಹೋಗದೆ ಮುಂದಿನ ಸ್ಪೀಕರ್‌ಗಳಿಗೇ ಸೇರಿಕೊಳ್ಳುತ್ತವೆ.